ಎರೆಯ ಕಪ್ಪು, ಬಾರಾಬಂದಿಯ ಬಿಳುಪು
(ಶತಮಾನೋತ್ಸವದ ಅಂಗವಾಗಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನಿಸರ್ಗದೃಶ್ಯಗಳ ಛಾಯಾಚಿತ್ರ ತೆಗೆಯುವಾಗ ಬೆಳಕಿನ ಪ್ರಮಾಣವನ್ನು ನಿರ್ಧರಿಸುವುದು ಹೇಗೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಅಪೇಕ್ಷಿಸಿದ್ದಾರೆ. ಕ್ಯಾಮೆರಾ ಹೆಗಲಿಗೇರಿಸಿಕೊಂಡು ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಹೊಲ, ಹಳ್ಳ, ಕೆರೆಗಳ ಸುತ್ತ ತಿರುಗುವ ನಮ್ಮಂಥವರಿಗೆ ಇದು ನಿತ್ಯದ ಚಿಂತೆ. ಶಾಲೆಯ ಹಬ್ಬದಲ್ಲಿ ಕ್ಯಾಮೆರಾದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಂದು ಈ ಸಭಾಂಗಣದಲ್ಲಿ ಕುಳಿತಿರುವವರಲ್ಲಿ ಕ್ಯಾಮೆರಾ ಇಲ್ಲದವರು ಬಹಳ ವಿರಳ. ಪ್ರತಿಯೊಬ್ಬರ ಮೊಬೈಲಿನಲ್ಲಿಯೂ ಅದು ಇದೆ. ಮುಂದಿನ ನೂರು ವರ್ಷಗಳ ಬಳಿಕ ಈ ಸೀಮೆಯ ನೆಲ ಹೇಗಿತ್ತು, ಜನ ಹೇಗಿದ್ದರು ಎಂದು ನಮ್ಮ ಮರಿಮಕ್ಕಳು ತಿಳಿಯಬೇಕಾದರೆ ನಾವು ಇಂದು ತೆಗೆದ ಚಿತ್ರಗಳನ್ನೇ ನೋಡಬೇಕಾಗುತ್ತದೆ. ಆ ಚಿತ್ರಗಳು ನಿಜವನ್ನು ಹೇಳುತ್ತವೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಬೆಳಕಿನ ಪ್ರಮಾಣವನ್ನೇ ಅವಲಂಬಿಸಿದೆ. ಆದುದರಿಂದ ಈ ವಿಷಯ ಹವ್ಯಾಸಿಗಳಿಗಷ್ಟೇ ಮೀಸಲಾದುದಲ್ಲ.

ಮೊದಲು ಮೂಲಪಾಠವನ್ನು ನೆನೆಯೋಣ. ಚಿತ್ರಕ್ಕೆ ಬೇಕಾದಷ್ಟು ಬೆಳಕನ್ನು, ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ, ಕ್ಯಾಮೆರಾದ ಒಳಗೆ ಬಿಟ್ಟುಕೊಳ್ಳುವುದಕ್ಕೆ ಎಕ್ಸ್‌ಪೋಷರ್ ಎಂದು ಹೆಸರು. ನೀರಿನ ಬೆಲೆ ಬಲ್ಲ ಈ ಊರಿನವರಿಗೆ ನಳದ ಉದಾಹರಣೆ ಸುಲಭವಾಗಿ ಅರ್ಥವಾಗುತ್ತದೆ. ಕೊಡ ತುಂಬಬೇಕಾದರೆ ನಳವನ್ನು ಎಷ್ಟು ಅಗಲ ತಿರುಗಿಸಿದೆವು, ಎಷ್ಟು ಹೊತ್ತು ಬಿಟ್ಟೆವು, ಕೊಡ ಎಷ್ಟು ದೊಡ್ಡದು ಎಂಬ ಮೂರು ಸಂಗತಿಗಳು ಮುಖ್ಯ. ಕ್ಯಾಮೆರಾದಲ್ಲಿ ಮಸೂರದ ನಡುವಿನ ರಂಧ್ರವಾದ ಅಪರ್ಚರ್ ನಳದ ಅಗಲ. ಶಟರ್ ತೆರೆದಿರುವ ಕಾಲವೇ ನೀರು ಬಿಟ್ಟ ಹೊತ್ತು. ಐಎಸ್‌ಒ ಎಂಬ ಅಂಕಿ ಕೊಡದ ಗಾತ್ರವಿದ್ದಂತೆ. ಆ ಅಂಕಿ ಹೆಚ್ಚಿದಷ್ಟೂ ಕೊಡ ಚಿಕ್ಕದಾಗುತ್ತದೆ, ಸ್ವಲ್ಪವೇ ಬೆಳಕಿಗೆ ತುಂಬುತ್ತದೆ, ಆದರೆ ಚಿತ್ರದಲ್ಲಿ ಮರಳಿನಂತಹ ಕಣಗಳೂ ಹೆಚ್ಚುತ್ತವೆ.

ಅಪರ್ಚರಿನ ಅಂಕಿಗಳು ಎಫ್ 5.6, 8, 11, 16 ಎಂದು ಸಾಗುತ್ತವೆ. ಅಂಕಿ ದೊಡ್ಡದಾದಷ್ಟೂ ರಂಧ್ರ ಕಿರಿದು. ಒಂದೊಂದು ಮೆಟ್ಟಿಲು ಏರಿದಂತೆ ಒಳಬರುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಶಟರಿನ ವೇಗವನ್ನು ಸೆಕೆಂಡಿನ 1/125ರಿಂದ 1/250ಕ್ಕೆ ಒಯ್ದರೂ ಬೆಳಕು ಅರ್ಧವೇ ಆಗುತ್ತದೆ. ಹೀಗೆ ಇಮ್ಮಡಿಯಾಗುವ ಅಥವಾ ಅರ್ಧವಾಗುವ ಪ್ರತಿಯೊಂದು ಮೆಟ್ಟಿಲಿಗೂ ಒಂದು ಸ್ಟಾಪ್ ಎಂಬ ಹೆಸರಿದೆ. ನಿಸರ್ಗಚಿತ್ರದಲ್ಲಿ ಕಾಲಬುಡದ ಹೆಂಟೆಯಿಂದ ಹಿಡಿದು ದಿಗಂತದ ಗುಡಿಯ ಗೋಪುರದವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡಬೇಕಾಗಿರುವುದರಿಂದ ನಾವು ಸಾಮಾನ್ಯವಾಗಿ ಎಫ್ 8ರಿಂದ 16ರ ನಡುವಿನ ಕಿರಿದಾದ ರಂಧ್ರವನ್ನು ಆರಿಸುತ್ತೇವೆ. ಐಎಸ್‌ಒ 100ರಲ್ಲಿಯೇ ನಿಲ್ಲುತ್ತೇವೆ. ಉಳಿದುದನ್ನು ಶಟರಿನ ಕಾಲ ಸರಿದೂಗಿಸುತ್ತದೆ. ಅದು ದೀರ್ಘವಾದರೆ ಕೈ ನಡುಗದಂತೆ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸುತ್ತೇವೆ. ಆದರೆ ಗಾಳಿಗೆ ತೂಗುವ ಜೋಳದ ತೆನೆಯನ್ನು ಮುಕ್ಕಾಲಿ ಹಿಡಿದು ನಿಲ್ಲಿಸಲಾರದು. ಆಗ 1/250 ಅಥವಾ ಅದಕ್ಕೂ ಚುರುಕಾದ ವೇಗ ಬೇಕು. ಅದಕ್ಕಾಗಿ ರಂಧ್ರವನ್ನು ಒಂದು ಮೆಟ್ಟಿಲು ಅಗಲಿಸಬೇಕಾಗುತ್ತದೆ, ಇಲ್ಲವೇ ಐಎಸ್‌ಒ ಏರಿಸಬೇಕಾಗುತ್ತದೆ.

ಇದಿಷ್ಟು ಯಾವ ಪುಸ್ತಕದಲ್ಲಿಯೂ ಸಿಗುವ ಪಾಠ. ಹೊಸ ಕ್ಯಾಮೆರಾಗಳು, ಮೊಬೈಲುಗಳು ಈ ಲೆಕ್ಕವನ್ನೆಲ್ಲ ತಾವೇ ಮಾಡಿ ಮುಗಿಸುತ್ತವೆ. ಹಾಗಿದ್ದ ಮೇಲೆ ನಮಗೆ ಉಳಿದ ಕೆಲಸವೇನು? ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಕ್ಯಾಮೆರಾದೊಳಗಿನ ಬೆಳಕುಮಾಪಕ ಹೇಗೆ ಯೋಚಿಸುತ್ತದೆ ಎಂಬುದನ್ನು ತಿಳಿಯಬೇಕು.

ಬೆಳಕುಮಾಪಕಕ್ಕೆ ತನ್ನ ಎದುರಿಗಿರುವ ವಸ್ತು ಯಾವುದೆಂದು ಗೊತ್ತಿಲ್ಲ. ಅದರಿಂದ ಹೊಮ್ಮಿ ಬಂದ ಬೆಳಕು ಎಷ್ಟೆಂಬುದಷ್ಟೇ ಗೊತ್ತು. ಜಗತ್ತಿನ ದೃಶ್ಯಗಳನ್ನೆಲ್ಲ ಸರಾಸರಿ ಮಾಡಿದರೆ ಕಪ್ಪೂ ಅಲ್ಲದ ಬಿಳುಪೂ ಅಲ್ಲದ ನಡುವಣ ಬೂದುಬಣ್ಣ ಬರುತ್ತದೆ ಎಂಬ ನಂಬಿಕೆಯ ಮೇಲೆ ಅದನ್ನು ನಿರ್ಮಿಸಲಾಗಿದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಹಿಂದಿರುಗಿಸುವ ಬೂದುಬಣ್ಣವನ್ನು ಛಾಯಾಗ್ರಾಹಕರು ಬಹುಕಾಲದಿಂದ ಈ ನಡುವಣ ಬಣ್ಣದ ಅಳತೆಯೆಂದು ಬಳಸುತ್ತ ಬಂದಿದ್ದಾರೆ. ಎದುರಿಗೆ ಏನೇ ಇರಲಿ, ಅದನ್ನು ಈ ಬೂದಿಗೆ ತಂದು ನಿಲ್ಲಿಸುವುದೇ ಮಾಪಕದ ಸ್ವಭಾವ. 1983ರಲ್ಲಿ ನಿಕಾನ್ ಎಫ್‌ಎ ಕ್ಯಾಮೆರಾದೊಂದಿಗೆ ದೃಶ್ಯವನ್ನು ಹಲವು ಭಾಗಗಳಾಗಿ ಒಡೆದು ಅಳೆಯುವ ಪದ್ಧತಿ ಬಂದಿತು. ಇಂದಿನ ಮೊಬೈಲುಗಳು ಮುಖವನ್ನೂ ಆಕಾಶವನ್ನೂ ಗುರುತಿಸುವಷ್ಟು ಮುಂದುವರಿದಿವೆ. ಆದರೂ ನಡುವಣ ಬಣ್ಣದ ಕಡೆಗೆ ಎಳೆಯುವ ಮೂಲ ಒಲವು ಪೂರ್ಣವಾಗಿ ಹೋಗಿಲ್ಲ.

ಇನ್ನು ನಮ್ಮ ನೆಲಕ್ಕೆ ಬರೋಣ. ಸೊಲ್ಲಾಪುರದಿಂದ ಅಕ್ಕಲಕೋಟೆಯ ಕಡೆಗೆ, ಅಲ್ಲಿಂದ ಮೈಂದರ್ಗಿ, ದುಧನಿಗಳತ್ತ ಸಾಗುವವರ ಕಣ್ಣಿಗೆ ಮೊದಲು ಬೀಳುವುದು ಎರೆ ಭೂಮಿ. ಮಳೆ ಬಂದು ತೊಯ್ದಾಗ ಕಾಡಿಗೆಯಂತೆ ಕಪ್ಪಾಗುವ ಮಣ್ಣು ಇದು. ನಡುವಣ ಬೂದುಬಣ್ಣಕ್ಕಿಂತ ಬಹಳ ಕಡಿಮೆ ಬೆಳಕನ್ನು ಹಿಂದಿರುಗಿಸುತ್ತದೆ. ಹರಗಿದ ಹೊಲವೇ ಚಿತ್ರದ ಬಹುಭಾಗವನ್ನು ತುಂಬಿದಾಗ ಮಾಪಕ ಇಲ್ಲಿ ಬೆಳಕು ಸಾಲದು ಎಂದು ಭಾವಿಸಿ ಶಟರನ್ನು ಹೆಚ್ಚು ಹೊತ್ತು ತೆರೆಯುತ್ತದೆ. ಪರಿಣಾಮವಾಗಿ ಎರೆ ಮಣ್ಣು ಸವಕಲು ಕಂದಾಗಿ, ಧೂಳು ಮೆತ್ತಿದಂತೆ ಕಾಣುತ್ತದೆ. ಮೇಲಿನ ಆಕಾಶ ತೊಳೆದುಹೋಗುತ್ತದೆ. ಈ ಸೀಮೆಯ ರೈತನಿಗೆ ಆ ಚಿತ್ರ ತೋರಿಸಿದರೆ ಇದು ನಮ್ಮ ಹೊಲವಲ್ಲ, ಯಾವುದೋ ಮಸಾರಿ ನೆಲ ಎನ್ನುತ್ತಾನೆ. ಅವನ ಮಾತು ಸರಿ. ಇಂಥಲ್ಲಿ ಮಾಪಕ ಹೇಳಿದ್ದಕ್ಕಿಂತ ಒಂದು ಸ್ಟಾಪ್, ಮಣ್ಣು ಹಸಿಯಾಗಿದ್ದರೆ ಕೆಲವೊಮ್ಮೆ ಅದಕ್ಕೂ ತುಸು ಹೆಚ್ಚು, ಬೆಳಕನ್ನು ಕಡಿಮೆ ಮಾಡಬೇಕು. ಆಗ ಎರೆ ಎರೆಯಾಗಿಯೇ ಉಳಿಯುತ್ತದೆ.

ಇದಕ್ಕೆ ನೇರ ವಿರುದ್ಧವಾದ ದೃಶ್ಯವೂ ನಮ್ಮಲ್ಲಿಯೇ ಇದೆ. ಮಕರ ಸಂಕ್ರಾಂತಿಯ ಹೊತ್ತಿಗೆ ನಡೆಯುವ ಶ್ರೀ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಮೊದಲ ದಿನ 68 ಲಿಂಗಗಳಿಗೆ ಎಣ್ಣೆಮಜ್ಜನ, ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆಯ ಸಮಾರಂಭ. ಧ್ವಜ ಹೊರುವವರೂ ಜೊತೆಗೆ ನಡೆಯುವವರೂ ತೊಡುವುದು ಬಿಳಿಯ ಬಾರಾಬಂದಿ. ಬೀದಿಯ ತುಂಬ ಹಾಲು ಚೆಲ್ಲಿದಂತೆ ಬಿಳುಪು. ಮಾಪಕಕ್ಕೆ ಇದೂ ಸೇರುವುದಿಲ್ಲ. ಇಷ್ಟೊಂದು ಬೆಳಕು ಹೆಚ್ಚಾಯಿತೆಂದು ಶಟರನ್ನು ಬೇಗ ಮುಚ್ಚಿಬಿಡುತ್ತದೆ. ಬಿಳಿಯ ಬಟ್ಟೆ ಬೂದಿ ಬಳಿದಂತೆ ಮಂಕಾಗುತ್ತದೆ. ಅದಕ್ಕಿಂತ ದೊಡ್ಡ ಹಾನಿಯೆಂದರೆ ಬಿಸಿಲಿನಲ್ಲಿ ದುಡಿದು ಕಂದಿದ ಮುಖಗಳು ಕತ್ತಲೆಗೆ ಸರಿದು ಗುರುತು ಸಿಗದಂತಾಗುತ್ತವೆ. ಇಲ್ಲಿ ಮಾಪಕದ ಮಾತಿಗಿಂತ ಒಂದರಿಂದ ಒಂದೂವರೆ ಸ್ಟಾಪ್ ಬೆಳಕನ್ನು ಹೆಚ್ಚಿಸಬೇಕು. ನೆಲ ಕಪ್ಪಾಗಿದ್ದರೆ ಬೆಳಕು ಕಡಿಮೆ, ಉಡುಗೆ ಬಿಳಿಯಾಗಿದ್ದರೆ ಬೆಳಕು ಹೆಚ್ಚು. ಕೇಳುವುದಕ್ಕೆ ತಿರುಗುಮುರುಗಾಗಿ ತೋರುವ ಈ ನಿಯಮವನ್ನು ಮಕ್ಕಳು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ. ಇದರ ಕಾರಣವನ್ನು ಅರಿತರೆ ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ.

ಹೀಗೆ ಯಂತ್ರಕ್ಕೆ ಗೊತ್ತಿರುವುದು ಸರಾಸರಿ. ಎರೆ ಎಷ್ಟು ಕಪ್ಪು, ಬಾರಾಬಂದಿ ಎಷ್ಟು ಬಿಳಿ ಎಂಬುದು ಗೊತ್ತಿರುವುದು ಇಲ್ಲಿ ಹುಟ್ಟಿ ಬೆಳೆದ ಕಣ್ಣಿಗೆ. ದೂರದ ಊರಿನಿಂದ ಎಂತಹ ಬೆಲೆಬಾಳುವ ಕ್ಯಾಮೆರಾ ತಂದವರಿಗೂ ಇಲ್ಲದ ಅನುಕೂಲ ಈ ಶಾಲೆಯ ಮಕ್ಕಳಿಗಿದೆ ಎಂದು ನಾವು ಹೇಳುವುದು ಈ ಕಾರಣಕ್ಕಾಗಿ.

ವಸ್ತುವಿನ ನಿಜವಾದ ಹೊಳಪನ್ನು ಮೊದಲೇ ತಿಳಿದಿರುವುದರ ಬೆಲೆ ಎಷ್ಟೆಂಬುದಕ್ಕೆ ಅಮೆರಿಕದ ಆನ್ಸೆಲ್ ಆಡಮ್ಸ್ ಅವರ ಪ್ರಸಂಗ ಪ್ರಸಿದ್ಧವಾದುದು. 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಎಂಬ ಹಳ್ಳಿಯ ಪಕ್ಕದಲ್ಲಿ ಅವರು ಸಾಗುತ್ತಿದ್ದಾಗ, ಮೂಡಣದಲ್ಲಿ ಚಂದ್ರ ಮೇಲೇರಿದ್ದ; ಮುಳುಗುವ ಸೂರ್ಯನ ಕಡೆಯ ಕಿರಣಗಳು ಊರಿನ ಸ್ಮಶಾನದ ಶಿಲುಬೆಗಳ ಮೇಲೆ ಬಿದ್ದಿದ್ದವು. ದೊಡ್ಡ ಕ್ಯಾಮೆರಾವನ್ನು ಅವಸರದಿಂದ ಹೂಡಿದರು. ಬೆಳಕುಮಾಪಕ ಮಾತ್ರ ಕೈಗೆ ಸಿಗಲಿಲ್ಲ. ಆದರೆ ಚಂದ್ರನ ಹೊಳಪು ಒಂದು ಚದರಡಿಗೆ 250 ಕ್ಯಾಂಡಲ್ ಎಂಬುದು ಅವರಿಗೆ ನೆನಪಿತ್ತು. ಆ ಒಂದು ಅಂಕಿಯಿಂದ ಉಳಿದುದನ್ನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ ಶಟರ್ ಒತ್ತಿದರು. ಎರಡನೆಯ ಚಿತ್ರಕ್ಕೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಆ ಒಂದೇ ಚಿತ್ರ ಜಗತ್ಪ್ರಸಿದ್ಧವಾಯಿತು. ಇದೇ ಆಡಮ್ಸ್ ಅವರು ಫ್ರೆಡ್ ಆರ್ಚರ್ ಅವರೊಡಗೂಡಿ 1940ರ ಸುಮಾರಿಗೆ ರೂಪಿಸಿದ್ದು ವಲಯ ಪದ್ಧತಿ. ಕಡುಗಪ್ಪಿನಿಂದ ಶುದ್ಧ ಬಿಳುಪಿನವರೆಗೆ ಬಣ್ಣಗಳನ್ನು ಸೊನ್ನೆಯಿಂದ ಹತ್ತರವರೆಗಿನ 11 ವಲಯಗಳಾಗಿ ಹಂಚಿ, ಎದುರಿಗಿನ ಯಾವ ವಸ್ತು ಯಾವ ವಲಯದಲ್ಲಿ ಮೂಡಬೇಕೆಂದು ಶಟರ್ ಒತ್ತುವ ಮೊದಲೇ ತೀರ್ಮಾನಿಸುವ ವಿಧಾನವದು. ಮಾಪಕ ಎಲ್ಲವನ್ನೂ ಐದನೆಯ ವಲಯಕ್ಕೆ ಎಳೆಯುತ್ತದೆ. ನಮ್ಮ ಎರೆ ಇರಬೇಕಾದದ್ದು ಮೂರು ಅಥವಾ ನಾಲ್ಕರಲ್ಲಿ, ಬಾರಾಬಂದಿ ಏಳರ ಆಸುಪಾಸಿನಲ್ಲಿ. ಹಾಗೆ ಇಡುವ ಹೊಣೆ ಮನುಷ್ಯನದು.

ಮಾಪಕವೇ ಇಲ್ಲದಿದ್ದಾಗ ಬಳಸುವ ಒಂದು ಹಳೆಯ ಸೂತ್ರವನ್ನು ಇಲ್ಲಿ ಹೇಳಿಬಿಡುತ್ತೇವೆ. ನಿರ್ಮಲವಾದ ಬಿಸಿಲಿನಲ್ಲಿ ಅಪರ್ಚರ್ ಎಫ್ 16 ಇಟ್ಟು, ಐಎಸ್‌ಒ ಅಂಕಿ ಎಷ್ಟಿದೆಯೋ ಸೆಕೆಂಡಿನ ಅಷ್ಟನೆಯ ಒಂದು ಭಾಗದ ಶಟರ್ ವೇಗ ಇಡಬೇಕು. ಐಎಸ್‌ಒ 100 ಆದರೆ 1/100 ಅಥವಾ ಅದರ ಸಮೀಪದ 1/125. ತೆಳುಮೋಡ ಮುಸುಕಿ ನೆರಳಿನ ಅಂಚು ಮಸುಕಾದರೆ ಎಫ್ 11; ನೆರಳು ಕಂಡೂ ಕಾಣದಂತಾದರೆ ಎಫ್ 8; ಮುಂಗಾರಿನ ದಟ್ಟ ಮೋಡವಾದರೆ 5.6. ಈ ಸೂತ್ರ ಅಳೆಯುವುದು ಸೂರ್ಯನಿಂದ ಬೀಳುವ ಬೆಳಕನ್ನೇ ಹೊರತು ವಸ್ತುವಿನಿಂದ ಹೊಮ್ಮುವ ಬೆಳಕನ್ನಲ್ಲ. ಆದುದರಿಂದಲೇ ಎರೆಯ ಕಪ್ಪು, ಬಟ್ಟೆಯ ಬಿಳುಪು ಇದನ್ನು ದಾರಿತಪ್ಪಿಸಲಾರವು. ನೆರಳು ನೋಡಿ ಹೊತ್ತು ಹೇಳುತ್ತಿದ್ದ ನಮ್ಮ ಅಜ್ಜಂದಿರಿಗೆ ಈ ವಿದ್ಯೆ ಒಂದೇ ದಿನದಲ್ಲಿ ಕರಗತವಾಗುತ್ತಿತ್ತು.

ಸೂರ್ಯನ ನಡೆಯನ್ನೂ ಅರಿತಿರಬೇಕು. ಸೊಲ್ಲಾಪುರ ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನೇಳೂವರೆ ಡಿಗ್ರಿಗಿಂತ ತುಸು ಮೇಲಿದೆ. ಮೇ ತಿಂಗಳ ಎರಡನೆಯ ವಾರದಲ್ಲಿ ಹಾಗೂ ಮತ್ತೆ ಆಗಸ್ಟ್ ಆರಂಭದಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ. ನೆಟ್ಟ ಕಂಬಕ್ಕೂ ಆಗ ನೆರಳಿಲ್ಲ. ನೆರಳಿಲ್ಲದ ಹೊತ್ತಿನಲ್ಲಿ ನೆಲದ ಏರಿಳಿತ, ನೇಗಿಲ ಸಾಲು, ಬದುವಿನ ಅಂಚು ಯಾವುದೂ ಚಿತ್ರದಲ್ಲಿ ಎದ್ದುಕಾಣುವುದಿಲ್ಲ. ಬೆಳಕಿನ ಪ್ರಮಾಣ ಎಷ್ಟೇ ಸರಿಯಾಗಿದ್ದರೂ ಚಿತ್ರ ಚಪ್ಪಟೆಯಾಗುತ್ತದೆ. ಸಂಕ್ರಾಂತಿಯ ಸುಮಾರಿಗೆ ಸೂರ್ಯ ಮಧ್ಯಾಹ್ನದಲ್ಲಿಯೂ ದಿಗಂತದಿಂದ ಸುಮಾರು 51 ಡಿಗ್ರಿಗಿಂತ ಮೇಲೇರುವುದಿಲ್ಲ. ಬೆಳಗಿನ 7ರ ಸುಮಾರಿಗೆ ಮೂಡಿದ ಮೇಲೆ ಎರಡು ತಾಸು, ಮುಳುಗುವ ಮುನ್ನ ಎರಡು ತಾಸು ಬೆಳಕು ಓರೆಯಾಗಿ ಹರಿಯುತ್ತದೆ. ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಲು ಹೊಲಕ್ಕೆ ಹೋಗುವ ಪಾಲಕರು ಹಿಂಗಾರಿ ಜೋಳದ ಚಿತ್ರ ತೆಗೆಯುವುದಿದ್ದರೆ ಊಟದ ಹೊತ್ತಿಗಿಂತ ಮೊದಲೇ ತೆಗೆದುಬಿಡುವುದು ಲೇಸು.

ಇನ್ನೊಂದು ತೊಡಕನ್ನು ನೋಡೋಣ. ಕೆಲವೊಮ್ಮೆ ಒಂದೇ ದೃಶ್ಯದಲ್ಲಿ ಅತಿ ಬೆಳಕೂ ಅತಿ ಕತ್ತಲೂ ಎದುರುಬದುರಾಗಿ ನಿಲ್ಲುತ್ತವೆ. ಸಿದ್ಧರಾಮರು ಸೊನ್ನಲಿಗೆಯಲ್ಲಿ ಕಟ್ಟಿಸಿದರೆಂದು ಪ್ರಸಿದ್ಧವಾದ ಕೆರೆಯ ದಂಡೆಯಲ್ಲಿ ಮುಂಜಾನೆ ನಿಂತು ಗುಡಿಯನ್ನೋ ಪಕ್ಕದ ಕೋಟೆಯ ಗೋಡೆಯನ್ನೋ ನೋಡಿದರೆ ಆಕಾಶ ಬೆಳ್ಳಗೆ ಉರಿಯುತ್ತಿರುತ್ತದೆ, ಗೋಡೆ ಇನ್ನೂ ನೆರಳಿನಲ್ಲಿರುತ್ತದೆ. ನಮ್ಮ ಕಣ್ಣು ಎರಡನ್ನೂ ಕಾಣಬಲ್ಲದು, ಕ್ಯಾಮೆರಾ ಕಾಣಲಾರದು. ಗೋಡೆಗೆ ಅಳೆದರೆ ಆಕಾಶ ಬರಿಯ ಬಿಳಿಹಾಳೆ. ಆಕಾಶಕ್ಕೆ ಅಳೆದರೆ ಗೋಡೆ ಬರಿಯ ಕಾಡಿಗೆ. ದಕ್ಷಿಣ ಸೊಲ್ಲಾಪುರದಲ್ಲಿ ಭೀಮಾ ಮತ್ತು ಸೀನಾ ನದಿಗಳು ಕೂಡುವಲ್ಲಿರುವ ಹತ್ತರಸಂಗ ಕೂಡಲದ ಸಂಗಮೇಶ್ವರ ಗುಡಿಯ ಮಂಟಪದಲ್ಲಿ ನಿಂತು ಹೊರಗಿನ ನದಿಯನ್ನು ನೋಡುವವರಿಗೂ ಇದೇ ಸಂಕಟ. ಕಂಬ ಬೇಕೇ, ಹೊಳೆ ಬೇಕೇ ಎಂದು ನಿರ್ಧರಿಸದೆ ಅಲ್ಲಿ ಚಿತ್ರ ತೆಗೆಯಲಾಗದು.

ಈ ಸಂಕಟ ಛಾಯಾಗ್ರಹಣದಷ್ಟೇ ಹಳೆಯದು. 1855ರಲ್ಲಿ ಮುಂಬಯಿ ಸರಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಛಾಯಾಗ್ರಾಹಕನನ್ನಾಗಿ ನೇಮಿಸಿತು. ಆತ ನಮ್ಮ ನೆರೆಯ ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಕಟ್ಟಡಗಳ ಚಿತ್ರಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೇನಾಧಿಕಾರಿ ಹಂಪೆಯನ್ನು ಹಾಗೆಯೇ ಚಿತ್ರಿಸಿದ. ಆ ಕಾಲದ ರಾಸಾಯನಿಕ ಲೇಪಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಹೀಗಾಗಿ ಕಲ್ಲಿಗೆ ಸಾಕಾಗುವಷ್ಟು ಬೆಳಕು ಕೊಟ್ಟರೆ ಆಕಾಶ ಮೋಡವೆಲ್ಲ ಅಳಿಸಿಹೋಗಿ ಖಾಲಿಯಾಗುತ್ತಿತ್ತು. ಅದೇ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೆ ಒಂದು, ಆಕಾಶಕ್ಕೆ ಒಂದು ಎಂದು ಎರಡು ನೆಗೆಟಿವ್ ಬಳಸಿ ಒಂದೇ ಹಾಳೆಯಲ್ಲಿ ಮುದ್ರಿಸಿದ. ಇಂದು ನಮ್ಮ ಮೊಬೈಲು ಎಚ್‌ಡಿಆರ್ ಎಂಬ ಹೆಸರಿನಲ್ಲಿ ಹಲವು ಚಿತ್ರಗಳನ್ನು ಕ್ಷಣಾರ್ಧದಲ್ಲಿ ತೆಗೆದು ಬೆಸೆಯುವುದು ಈ ಯುಕ್ತಿಯ ಮೊಮ್ಮಗನಂತೆ. ಕ್ಯಾಮೆರಾ ಇರುವವರು ಮುಕ್ಕಾಲಿಯ ಮೇಲಿಟ್ಟು ಮಾಪಕ ಹೇಳಿದಂತೆ ಒಂದು, ಎರಡು ಸ್ಟಾಪ್ ಕಡಿಮೆ ಮಾಡಿ ಒಂದು, ಎರಡು ಸ್ಟಾಪ್ ಹೆಚ್ಚಿಸಿ ಒಂದು ಎಂದು ಮೂರು ಚಿತ್ರ ತೆಗೆದು ಬಳಿಕ ಕೂಡಿಸಬಹುದು. ಮೇಲರ್ಧ ಮಾತ್ರ ಕಪ್ಪಾಗಿರುವ ಗಾಜಿನ ಫಿಲ್ಟರನ್ನು ಮಸೂರದ ಮುಂದೆ ಹಿಡಿದು ಆಕಾಶವನ್ನು ತಗ್ಗಿಸಲೂಬಹುದು.

ಆದರೆ ಯಾವ ಉಪಾಯವೂ ಕೈಗೆಟುಕದಿದ್ದಾಗ ಒಂದು ಮಾತನ್ನು ನೆನಪಿಡಬೇಕು. ಡಿಜಿಟಲ್ ಚಿತ್ರದಲ್ಲಿ ಕತ್ತಲೆಯೊಳಗೆ ಅಡಗಿದ ವಿವರವನ್ನು ಬಳಿಕ ಸ್ವಲ್ಪಮಟ್ಟಿಗೆ ಮೇಲೆತ್ತಬಹುದು. ಬೆಳಕು ಉಕ್ಕಿ ಬೆಳ್ಳಗೆ ಸುಟ್ಟುಹೋದ ಭಾಗದಲ್ಲಿ ಮಾತ್ರ ಹುಡುಕುವುದಕ್ಕೆ ಏನೂ ಉಳಿದಿರುವುದಿಲ್ಲ. ತುಂಬಿ ತುಳುಕಿದ ಕೊಡದಿಂದ ಎಷ್ಟು ನೀರು ಚೆಲ್ಲಿತೆಂದು ಕೊಡವನ್ನು ನೋಡಿ ಹೇಳಲಾಗದಷ್ಟೆ? ಆದುದರಿಂದ ಬಿಳಿಯ ಮೋಡ, ಬಿಳಿಯ ಬಟ್ಟೆ, ಸುಣ್ಣ ಬಳಿದ ಗುಡಿ ಇವುಗಳ ವಿವರ ಅಳಿಯದಂತೆ ಕಾಯ್ದುಕೊಂಡು, ಆ ಮಿತಿಯೊಳಗೆ ಎಷ್ಟು ಸಾಧ್ಯವೋ ಅಷ್ಟು ಬೆಳಕು ಕೊಡಬೇಕು. ಹಳೆಯ ನೆಗೆಟಿವ್ ಫಿಲ್ಮಿನಲ್ಲಿ ನಿಯಮ ಇದಕ್ಕೆ ತದ್ವಿರುದ್ಧವಾಗಿತ್ತು. ಅಲ್ಲಿ ನೆರಳಿಗೆ ಬೆಳಕು ಸಾಲದಿದ್ದರೆ ಅದು ಶಾಶ್ವತವಾಗಿ ಹೋಗುತ್ತಿತ್ತು. ಫಿಲ್ಮಿನಲ್ಲಿ ಪಳಗಿದ ಹಿರಿಯರು ಈ ವ್ಯತ್ಯಾಸವನ್ನು ಗಮನಿಸಬೇಕಾಗಿ ವಿನಂತಿ.

ಇದನ್ನು ಪರೀಕ್ಷಿಸುವ ಸಾಧನ ಕ್ಯಾಮೆರಾದಲ್ಲಿಯೇ ಇದೆ. ಹಿಸ್ಟೋಗ್ರಾಂ ಎಂಬ ಆ ನಕ್ಷೆಯಲ್ಲಿ ಎಡತುದಿ ಕಪ್ಪು, ಬಲತುದಿ ಬಿಳುಪು. ಎಲ್ಲಿ ಎಷ್ಟು ಬಣ್ಣ ಸೇರಿದೆಯೋ ಅಲ್ಲಿ ಅಷ್ಟು ಎತ್ತರದ ದಿಬ್ಬ. ದಿಬ್ಬ ನಡುವಿನಲ್ಲಿಯೇ ಇದ್ದರೆ ಚಿತ್ರ ಸರಿ ಎಂದು ಹಲವರು ನಂಬಿದ್ದಾರೆ. ಹರಗಿದ ಎರೆ ಹೊಲದ ದಿಬ್ಬ ಎಡಕ್ಕಿರುವುದೇ ಸಹಜ, ಜಾತ್ರೆಯ ಚಿತ್ರದ ದಿಬ್ಬ ಬಲಕ್ಕಿರುವುದೇ ಸಹಜ. ಬಲತುದಿಯ ಗೋಡೆಗೆ ಅದು ಒರಗಿ ನಿಂತರೆ ಮಾತ್ರ ಬಿಳುಪಿನ ವಿವರ ಕೈಬಿಟ್ಟಿತೆಂದು ತಿಳಿಯಬೇಕು. ಮೊಬೈಲಿನಲ್ಲಿ ಈ ನಕ್ಷೆ ಎಲ್ಲರಿಗೂ ಸಿಗದು. ಅದಕ್ಕೆ ಸುಲಭೋಪಾಯವಿದೆ. ಪರದೆಯ ಮೇಲೆ ಮುಖ್ಯವಾದ ವಸ್ತುವನ್ನು ಬೆರಳಿನಿಂದ ಮುಟ್ಟಿದರೆ ಹಲವು ಮೊಬೈಲುಗಳಲ್ಲಿ ಪಕ್ಕದಲ್ಲಿ ಚಿಕ್ಕದೊಂದು ಸೂರ್ಯನ ಚಿಹ್ನೆ ಮೂಡುತ್ತದೆ. ಅದನ್ನು ಕೆಳಗೆ ಸರಿಸಿದರೆ ಬೆಳಕು ಇಳಿಯುತ್ತದೆ, ಮೇಲೆ ಸರಿಸಿದರೆ ಏರುತ್ತದೆ. ಎರೆಗೆ ಕೆಳಗೆ, ಬಾರಾಬಂದಿಗೆ ಮೇಲೆ. ಒಂದು ರೂಪಾಯಿಯ ಖರ್ಚಿಲ್ಲದ ಈ ಅಭ್ಯಾಸದಿಂದ ಮನೆಮನೆಯ ಚಿತ್ರಗಳು ಸುಧಾರಿಸುತ್ತವೆ.

ಮೊಬೈಲಿನ ಕುರಿತು ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ನೋಡುವವರಿಗೆ ಹಿತವಾಗಲಿ ಎಂದು ಅದು ಎಲ್ಲವನ್ನೂ ಬೆಳಗಿಸಲು ಹವಣಿಸುತ್ತದೆ. ಬೋರಿ ನದಿಯ ಕುರನೂರು ಜಲಾಶಯದ ಮೇಲೆ ಕವಿದ ಮುಸ್ಸಂಜೆ ಅದರ ಕೈಯಲ್ಲಿ ನಡುಹಗಲಾಗುತ್ತದೆ. ಮನುಷ್ಯರ ಮೈಬಣ್ಣವನ್ನು ತಿಳಿಗೊಳಿಸುವ ಸೌಲಭ್ಯವನ್ನು ಕೆಲವರು ಆರಿಸಿಕೊಂಡೇ ಬಿಟ್ಟಿರುತ್ತಾರೆ. ಕತ್ತಲು ಕತ್ತಲಾಗಿ ಕಂಡರೆ ಅದು ದೋಷವಲ್ಲ. ಕಪ್ಪುಬಣ್ಣವಂತೂ ಎಂದಿಗೂ ದೋಷವಲ್ಲ. ಎರೆ ಕಪ್ಪಾಗಿದೆಯೆಂದೇ ತೇವವನ್ನು ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೆಯೂ ನಮಗೆ ಜೋಳವನ್ನು ಕೊಡುವ ನೆಲ ಎಂದು ನಾವು ಅದನ್ನು ಗುರುತಿಸುತ್ತೇವೆ. ಅದನ್ನು ತೆಳುಗೊಳಿಸಿ ತೋರಿಸುವ ಚಿತ್ರ ಅಂದವಾಗಿದ್ದರೂ ಸುಳ್ಳು.

ನಿಜವಾದ ಚಿತ್ರದ ಅಗತ್ಯ ಏಕೆ ಹೆಚ್ಚಿದೆ ಎಂಬುದಕ್ಕೆ ನಾನ್ನಜ್ ಒಂದೇ ಸಾಕು. ಸೊಲ್ಲಾಪುರದ ಉತ್ತರದ ಆ ಹುಲ್ಲುಗಾವಲಿನ ಸೀಮೆ 1979ರಲ್ಲಿ ಮಾಳಢೋಕ್ ಪಕ್ಷಿಯ ಅಭಯಾರಣ್ಯವಾಯಿತು. ಕನ್ನಡದಲ್ಲಿ ಆ ಹಕ್ಕಿಗೆ ಎರೆಭೂತ ಎಂಬ ಹೆಸರುಂಟು. ನಮ್ಮ ಮಣ್ಣಿನ ಹೆಸರೇ ಅದಕ್ಕಿದೆ. ಇಂದು ಅದು ಅಲ್ಲಿ ಕಣ್ಣಿಗೆ ಬೀಳುವುದೇ ದುರ್ಲಭ. ಒಣಹುಲ್ಲು ಚಳಿಗಾಲದಲ್ಲಿ ತಿಳಿಹೊನ್ನಿನ ಬಣ್ಣಕ್ಕೆ ತಿರುಗಿ ಮಾಪಕವನ್ನು ಮೋಸಗೊಳಿಸುತ್ತದೆ. ಅರ್ಧ ಸ್ಟಾಪ್ ಹೆಚ್ಚು ಕೊಡದಿದ್ದರೆ ಬಂಗಾರದಂತಹ ಬಯಲು ಮಣ್ಣುಬಣ್ಣದ ಬಂಜರಿನಂತೆ ತೋರುತ್ತದೆ. ಅಂತಹ ಚಿತ್ರವನ್ನು ಮುಂದೆ ನೋಡುವವರು ಈ ಪಾಳುನೆಲದಿಂದ ಹಕ್ಕಿ ಹೋದದ್ದರಲ್ಲಿ ಆಶ್ಚರ್ಯವೇನು ಎಂದುಕೊಂಡಾರು. ಅದು ಪಾಳುನೆಲವಾಗಿರಲಿಲ್ಲ, ತುಂಬಿದ ಹುಲ್ಲುಗಾವಲಾಗಿತ್ತು ಎಂಬ ಸಾಕ್ಷ್ಯವನ್ನು ಹೇಳಬೇಕಾದದ್ದು ನಾವು ಇಂದು ಕೊಡುವ ಆ ಅರ್ಧ ಸ್ಟಾಪ್ ಬೆಳಕು.

ಶಾಲೆಯ ಸಮೂಹಚಿತ್ರದ ಮಾತನ್ನೂ ಇದರೊಂದಿಗೆ ಸೇರಿಸುತ್ತೇವೆ. ಎಲ್ಲ ಶಾಲೆಗಳಲ್ಲಿಯೂ ವರ್ಷಾಂತ್ಯದ ಚಿತ್ರವೆಂದರೆ ಸುಣ್ಣದ ಗೋಡೆ, ಬಿಳಿ ಅಂಗಿಗಳ ಸಾಲು, ನೆತ್ತಿಯ ಮೇಲಿನ ಬಿಸಿಲು. ಬೆಳಕುಮಾಪಕವನ್ನು ದಾರಿತಪ್ಪಿಸಲು ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಅಂಗಿಗಳು ಮಂಕಾಗಿ, ಮಕ್ಕಳ ಕಣ್ಣುಗಳು ಹುಬ್ಬಿನ ನೆರಳಿನಲ್ಲಿ ಮುಚ್ಚಿಹೋಗುತ್ತವೆ. ಐವತ್ತು ವರ್ಷಗಳ ಬಳಿಕ ಆ ಚಿತ್ರ ಹಿಡಿದು ತನ್ನ ಗೆಳತಿಯನ್ನು ಹುಡುಕುವ ಅಜ್ಜಿಗೆ ಅಂಗಿಯ ಬಿಳುಪು ಬೇಕಾಗಿಲ್ಲ, ಮುಖ ಬೇಕು. ಆದ್ದರಿಂದ ಮಕ್ಕಳನ್ನು ಕಟ್ಟಡದ ನೆರಳಿನಲ್ಲಿ ನಿಲ್ಲಿಸಿ, ಆಕಾಶದ ಬೆಳಕು ಎದುರಿನಿಂದ ಮುಖದ ಮೇಲೆ ಬೀಳುವಂತೆ ನೋಡಿಕೊಂಡು, ಮುಖಕ್ಕೆ ಅಳೆದು ಚಿತ್ರ ತೆಗೆಯಿರಿ. ಅಂಗಿ ತುಸು ಹೆಚ್ಚು ಬೆಳಗಿದರೆ ಬೆಳಗಲಿ.

ಕೊನೆಯದಾಗಿ ಒಂದು ಸೂಚನೆ. ಗ್ರೀನ್‌ಲಾ 1856ರಲ್ಲಿ ನಿಂತ ಜಾಗಗಳಲ್ಲಿಯೇ 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ನಿಂತು ಹಂಪೆಯ ಚಿತ್ರಗಳನ್ನು ಮತ್ತೆ ತೆಗೆದರು. ಯಾವ ಕಂಬ ಉಳಿಯಿತು, ಯಾವ ಗೋಪುರ ಕುಸಿಯಿತು ಎಂಬುದು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಮಾತಿಲ್ಲದೆ ತಿಳಿಯುತ್ತದೆ. ನಮ್ಮ ಶಾಲೆಯೂ ಅಂತಹ ಕೆಲಸವನ್ನು ಕೈಗೊಳ್ಳಬಹುದು. ಶಾಲೆಯ ಅಂಗಳ, ಒಂದು ಎರೆ ಹೊಲ, ಒಂದು ಕೆರೆ ಅಥವಾ ಹಳ್ಳ, ಹೀಗೆ ನಾಲ್ಕೈದು ಜಾಗಗಳನ್ನು ಗೊತ್ತುಮಾಡಿ, ಪ್ರತಿವರ್ಷ ಎಳ್ಳಮಾವಾಸ್ಯೆಯ ಮುಂಜಾನೆ ಒಂಬತ್ತನೆಯ ತರಗತಿಯ ಮಕ್ಕಳು ಅದೇ ಜಾಗದಲ್ಲಿ ನಿಂತು ಚಿತ್ರ ತೆಗೆಯಲಿ. ಚೌಕಟ್ಟಿನ ಒಂದು ಮೂಲೆಯಲ್ಲಿ ಬೂದುಬಣ್ಣದ ರಟ್ಟೊಂದನ್ನು ಇಟ್ಟರೆ ವರ್ಷದಿಂದ ವರ್ಷಕ್ಕೆ ಬೆಳಕನ್ನು ಹೋಲಿಸುವುದಕ್ಕೆ ಆಧಾರವಾಗುತ್ತದೆ. ಚಿತ್ರದ ಜೊತೆಗೆ ದಿನಾಂಕ, ಹೊತ್ತು, ಜಾಗ, ಬೆಳೆ, ಅಪರ್ಚರ್, ಶಟರ್, ಐಎಸ್‌ಒ ಇವನ್ನು ಒಂದು ದಪ್ಪ ವಹಿಯಲ್ಲಿ ಕನ್ನಡದಲ್ಲಿ ಬರೆದಿಡಲಿ. ಗಣಿತ, ಭೂಗೋಲ, ವಿಜ್ಞಾನ, ಭಾಷೆ ನಾಲ್ಕೂ ಆ ಒಂದು ಮುಂಜಾನೆಯಲ್ಲಿ ಸೇರುತ್ತವೆ. ಮರಾಠಿಯ ನೆರೆಯಲ್ಲಿ ಸ್ನೇಹದಿಂದ ಬಾಳುತ್ತ ಕನ್ನಡದಲ್ಲಿ ಕಲಿಯುವ ಈ ಮಕ್ಕಳಿಗೆ ತಮ್ಮ ನೆಲವನ್ನು ತಮ್ಮ ಮಾತಿನಲ್ಲಿ ದಾಖಲಿಸುವ ಅಭ್ಯಾಸ ಬಂದರೆ ಶಾಲೆಗೆ ಅದಕ್ಕಿಂತ ಹೆಚ್ಚಿನ ಕಾಣಿಕೆ ಬೇರೊಂದಿರದು.

ಮಕ್ಕಳೇ, ಶಟರ್ ಒತ್ತುವ ಮುನ್ನ ಒಂದು ಕ್ಷಣ ಕ್ಯಾಮೆರಾವನ್ನು ಕೆಳಗಿಳಿಸಿ ಎದುರಿಗಿರುವುದನ್ನು ಬರಿಗಣ್ಣಿನಿಂದ ನೋಡಿ. ಇದು ನಿಜಕ್ಕೂ ಎಷ್ಟು ಕಪ್ಪು, ಎಷ್ಟು ಬಿಳಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆಮೇಲೆ ಯಂತ್ರ ಏನು ಹೇಳುತ್ತದೆಂದು ನೋಡಿ, ಎರಡರ ನಡುವಿನ ಅಂತರವನ್ನು ನೀವೇ ತುಂಬಿ.

 ಶಾಲೆಯ ಮುಂದಿನ ನೂರು ವರ್ಷಗಳು ಬೆಳಕಿನಿಂದ ತುಂಬಿರಲಿ.